ಎರಡು ಪಂಚಾಯ್ತಿ ನಡುವಿನ ಗಡಿ ತಕರಾರು: ಆ ಜಾಗ ಯಾರ ಲಿಮಿಟ್ ಅಂತ ನಾವೇ ಪತ್ತೆ ಹಚ್ಚೋದು ಹೆಂಗೆ

ನಮ್ಮೂರಿಂದ ಪಕ್ಕದೂರಿಗೆ ಹೋಗೋ ದಾರೀಲಿ ಹೆಚ್ಚುಕಮ್ಮಿ ಆರ್ನೂರು ಅಡಿ ರೋಡ್ ಐತೆ, ಅಷ್ಟರಲ್ಲಿ ಮೂರು ಕರೆಂಟ್ ಕಂಬ, ಒಂದು ಮೋರಿ, ಒಂದು ಹುಣಸೇಮರ. ಮೂರು ಕಂಬಕ್ಕೂ ಬಲ್ಬ್ ಇಲ್ಲ. ನಮ್ಮ ಪಿಡಿಒ ಹತ್ರ ಹೋದ್ರೆ "ಅದು ಆ ಪಂಚಾಯ್ತಿಗೆ ಬರ್ತದೆ ಕಣ್ರಿ" ಅಂತಾರೆ, ಆ ಪಂಚಾಯ್ತಿಗೆ ಹೋದ್ರೆ "ನಮ್ದು ಮೋರಿಯಿಂದ ಆಚೆಗೆ, ಈಚೆಗಿರೋದು ನಿಮ್ದೇ ಅಲ್ವೇನ್ರಿ" ಅಂತಾರೆ. ಅದೇ ಜಾಗದ ಪಕ್ಕ ಒಬ್ರು ಕ್ರಷರ್ ಹಾಕ್ತೀನಿ ಅಂತ ಬಂದಾಗ ಮಾತ್ರ ಇಬ್ರೂ ಲೈಸೆನ್ಸು ನಾವು ಕೊಡ್ತೀವಿ ಅಂತ ನಿಂತಿದ್ರು. ನಾವು ಜಗಳೂರು ಸೀಮೆಯೋರು, ಹೆಸ್ರಲ್ಲೇ ಜಗಳ ಐತೆ ಅಂತ ದಾವಣಗೆರೆಯೋರು ತಮಾಷೆ ಮಾಡೋದು ಬೇರೆ.

ಹಿಂಗೇ ಒಂದೂವರೆ ವರ್ಷ ಓಡಾಡಿದೀನಿ. ಆ ಓಡಾಟದಾಗೆ ಏನೇನ್ ಕಲ್ತೆ, ಯಾವ ಕಾಗದ ಎಲ್ಲಿ ಸಿಗ್ತದೆ, ಯಾವುದನ್ನ ನಂಬಬೇಕು ಯಾವುದನ್ನ ನಂಬಬಾರ್ದು ಅಂತ ಬರೀತಿದೀನಿ, ದಾವಣಗೆರೆ ಚಿತ್ರದುರ್ಗ ಕಡೆ ಇರೋರಿಗೆ ನೇರ ಉಪಯೋಗ ಆಗ್ತದೆ, ಬೇರೆ ಜಿಲ್ಲೆಯೋರಿಗೂ ಮುಕ್ಕಾಲು ಭಾಗ ಇದೇ.

ಮೊದ್ಲು ಕೇಳ್ಕೋಬೇಕಾದ್ದು: ಯಾವ ಗಡಿ?

ಇದನ್ನ ಬಿಟ್ಟು ಶುರು ಮಾಡಿದ್ರೆ ಆರು ತಿಂಗ್ಳು ದಂಡ, ನಾನು ದಂಡ ತೆತ್ತೋನು. ನೆಲ ಒಂದೇ ಆದ್ರೂ ಅದ್ರ ಮೇಲೆ ಎಳೆದಿರೋ ಗೆರೆ ಬೇಕಾದಷ್ಟು. ಕಂದಾಯ ಗ್ರಾಮದ ಗಡಿ ಒಂದು, ಗ್ರಾಮ ಪಂಚಾಯ್ತಿ ಗಡಿ ಒಂದು, ಪೊಲೀಸ್ ಸ್ಟೇಷನ್ ಸರಹದ್ದು ಒಂದು, ಬೆಸ್ಕಾಂ ಸೆಕ್ಷನ್ ಒಂದು, ಫಾರೆಸ್ಟ್‌ನೋರ್ದು ಒಂದು, ಎಮ್ಮೆಲ್ಲೆ ಕ್ಷೇತ್ರದ್ದು ಒಂದು, ಪಿನ್‌ಕೋಡ್ ಇನ್ನೊಂದು. ಇವೆಲ್ಲ ಒಂದ್ರ ಮೇಲೊಂದು ಸರಿಯಾಗಿ ಕೂತಿರಲ್ಲ. "ನಮ್ಮ ಮನೆ ಕರೆಂಟ್ ಬಿಲ್ ಆ ಊರಿನ ಹೆಸ್ರಲ್ಲಿ ಬರ್ತದೆ, ಅದ್ಕೆ ನಾವು ಆ ಪಂಚಾಯ್ತಿ" ಅಂತ ವಾದ ಮಾಡೋರು ಇದಾರೆ, ಅದು ಸಾಕ್ಷಿಯೇ ಅಲ್ಲ. ವೋಟರ್ ಐಡಿ, ರೇಷನ್ ಕಾರ್ಡು, ಆಧಾರ್ ಅಡ್ರೆಸ್ಸು ಯಾವ್ದೂ ಗಡಿಗೆ ಸಾಕ್ಷಿ ಅಲ್ಲ.

ಪಂಚಾಯ್ತಿ ಗಡಿ ಅಂತ ಯಾರೂ ಪ್ರತ್ಯೇಕವಾಗಿ ಸರಪಳಿ ಹಿಡ್ದು ಅಳೆದಿರಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ 4ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿ ಒಂದಷ್ಟು ಹಳ್ಳಿ ಸೇರ್ಸಿ, ಮಾಮೂಲಿ ಬಯಲುಸೀಮೇಲಿ 5000ದಿಂದ 7000 ಜನಸಂಖ್ಯೆ ನೋಡ್ಕಂಡು, ಇದೊಂದು ಪಂಚಾಯತ್ ಪ್ರದೇಶ ಅಂತ ಘೋಷಣೆ ಮಾಡ್ತಾರೆ. ಅಂದ್ರೆ ಪಂಚಾಯ್ತಿ ಅನ್ನೋದು ಹಳ್ಳಿಗಳ ಪಟ್ಟಿ ಅಷ್ಟೇ. ಆ ಪಟ್ಟೀಲಿರೋ ಹಳ್ಳಿಗಳ ಹೊರಗಿನ ಗಡಿ ಯಾವ್ದೋ ಅದೇ ಪಂಚಾಯ್ತಿ ಗಡಿ. ಹಂಗಾಗಿ ಜಗಳ ಪಂಚಾಯ್ತಿ ಹೆಸ್ರಲ್ಲಿ ನಡೀತಿದ್ರೂ ಹುಡುಕಬೇಕಾದ್ದು ಎರಡೇ: ಈ ಜಾಗ ಯಾವ ಕಂದಾಯ ಗ್ರಾಮದ ಯಾವ ಸರ್ವೆ ನಂಬರು, ಆ ಗ್ರಾಮ ಯಾವ ಪಂಚಾಯ್ತಿ ಪಟ್ಟೀಲಿ ಐತೆ.

ಜಾಗದಾಗೆ ನಿಂತು ಸರ್ವೆ ನಂಬರ್ ಹಿಡೀರಿ

ದಿಶಾಂಕ್ ಆ್ಯಪ್ ಹಾಕ್ಕಳ್ರಿ, ಸರ್ಕಾರದ್ದೇ, ಫ್ರೀ. ಜಾಗಕ್ಕೆ ಹೋಗಿ ನಿಂತು ಆನ್ ಮಾಡಿದ್ರೆ ನೀವು ನಿಂತಿರೋ ಸರ್ವೆ ನಂಬರ್, ಗ್ರಾಮ, ಹೋಬಳಿ, ತಾಲ್ಲೂಕು ತೋರಿಸ್ತದೆ. ಒಂದೇ ಕಡೆ ನಿಂತು ನೋಡಿ ಖುಷಿಪಡಬ್ಯಾಡ್ರಿ. ತಕರಾರಿರೋ ಜಾಗದ ಈ ತುದಿಯಿಂದ ಆ ತುದೀಗಂಟ ನಡೀರಿ, ಐವತ್ತು ಹೆಜ್ಜೆಗೊಂದು ಸಲ ನಿಂತು ಸ್ಕ್ರೀನ್‌ಶಾಟ್ ತಗೊಳ್ರಿ, ಮತ್ತೆ ವಾಪಸ್ ಬರ್ತಾನೂ ತಗೊಳ್ರಿ. ಹೋಗ್ತಾ ಒಂದು ನಂಬರ್ ಬರ್ತಾ ಇನ್ನೊಂದು ನಂಬರ್ ತೋರ್ಸಿದ್ರೆ ಅಲ್ಲೇ ಎಲ್ಲೋ ಗೆರೆ ಐತೆ ಅಂತ ಅರ್ಥ, ಮೊಬೈಲ್ ಜಿಪಿಎಸ್ ಬಯಲಲ್ಲೂ ನಾಕೈದು ಮೀಟರ್ ಆಚೀಚೆ ಆಗ್ತದೆ, ಮರದ ಕೆಳಗೆ ಇನ್ನೂ ಜಾಸ್ತಿ.

ನಾನು ಹಿಂಗೆ ನಡ್ಕಂಡು ಹೋದಾಗ ಒಂದು ವಿಚಿತ್ರ ಆಯ್ತು. ನಮ್ಮೂರಿನ ಕಡೆಯಿಂದ ಹೊರಟೆ, ನಮ್ಮೂರ ಹೆಸ್ರು ತೋರಿಸ್ತು, ಹುಣಸೇಮರ ದಾಟ್ತಿದ್ದಂಗೆ ನಮ್ಮೂರೂ ಅಲ್ಲದ ಪಕ್ಕದೂರೂ ಅಲ್ಲದ ಮೂರನೇ ಒಂದು ಹೆಸ್ರು ಬಂತು, ನಾನು ಹುಟ್ಟಿದಾಗಿಂದ ಕೇಳಿಲ್ಲದ ಹೆಸ್ರು. ಆ್ಯಪ್ ಕೆಟ್ಟೈತೆ ಅಂತ ಫೋನ್ ರೀಸ್ಟಾರ್ಟ್ ಮಾಡ್ದೆ. ಮತ್ತೆ ಅದೇ. ತಪ್ಪು ತೋರಿಸ್ತೈತೆ ಬಿಡು ಅಂತ ಆವತ್ತು ಬಿಟ್ಟುಬಿಟ್ಟೆ, ಅದೇ ನಾನು ಮಾಡಿದ ದೊಡ್ಡ ತಪ್ಪು, ಮುಂದೆ ಹೇಳ್ತೀನಿ.

ಅಂದಂಗೆ ದಿಶಾಂಕ್ ಬರೀ ಸುಳಿವು. ಆಫೀಸಲ್ಲಿ ಸ್ಕ್ರೀನ್‌ಶಾಟ್ ತೋರ್ಸಿದ್ರೆ ಕೇಸ್ ಮುಗೀತು ಅಂದ್ಕೋಬ್ಯಾಡ್ರಿ. ಗೂಗಲ್ ಮ್ಯಾಪ್ ಅಂತೂ ಈ ವಿಷ್ಯದಾಗೆ ಮುಟ್ಟಲೇಬ್ಯಾಡ್ರಿ, ಅದ್ರ ಗೆರೆಗೆ ಸರ್ವೆ ಆಫೀಸಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಊರು ಸಿಕ್ತು, ಪಂಚಾಯ್ತಿ ಯಾವ್ದು?

ಪಹಣಿ ತೆಗೆದು ನೋಡಿದ್ರೆ ತಾಲ್ಲೂಕು, ಹೋಬಳಿ, ಗ್ರಾಮ ಇರ್ತದೆ, ಗ್ರಾಮ ಪಂಚಾಯ್ತಿ ಹೆಸ್ರೇ ಇರಲ್ಲ. ಬಹಳ ಜನ ಇಲ್ಲೇ ಎಡವೋದು, ಹೋಬಳಿ ಒಂದೇ ಆದ್ರೆ ಪಂಚಾಯ್ತೀನೂ ಒಂದೇ ಅಂದ್ಕಂಡು. ಪಂಚಾಯ್ತಿ ಇ-ಸ್ವತ್ತಿನ ಫಾರಂ 9, ಫಾರಂ 11ರಲ್ಲಿ ಪಂಚಾಯ್ತಿ ಹೆಸ್ರು ಇರ್ತದೆ, ಆದ್ರೆ ಅದನ್ನ ಬರ್ದೋರೂ ಪಂಚಾಯ್ತಿಯೋರೇ, ತಕರಾರಿನ ಒಂದು ಪಾರ್ಟಿ ಬರ್ಕಂಡಿರೋದನ್ನೇ ಸಾಕ್ಷಿ ಅಂತ ತಗೊಂಡ್ರೆ ಹೆಂಗೆ?

ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಅಂತ ವೆಬ್‌ಸೈಟ್ ಐತೆ, ಎಲ್‌ಜಿಡಿ ಅಂತಾರೆ. ಪ್ರತಿ ಹಳ್ಳಿಗೂ ಒಂದು ಕೋಡ್, ಪ್ರತಿ ಪಂಚಾಯ್ತಿಗೂ ಒಂದು ಕೋಡ್, ಯಾವ ಪಂಚಾಯ್ತಿಗೆ ಯಾವ್ಯಾವ ಹಳ್ಳಿ ಅಂತ ಮನೇಲಿ ಕೂತು ನೋಡಬೌದು. ಅಲ್ಲಿಂದ ಪಟ್ಟಿ ತಗೊಂಡು 2011ರ ಜನಗಣತಿ ಹ್ಯಾಂಡ್‌ಬುಕ್‌ನ ಹಳ್ಳಿ ಪಟ್ಟಿಗೆ ತಾಳೆ ಹಾಕ್ರಿ. ಒಂದ್ರಲ್ಲಿ ಇದ್ದು ಇನ್ನೊಂದ್ರಲ್ಲಿ ಇಲ್ಲದ ಹಳ್ಳಿ ಸಿಕ್ರೆ ಅದ್ರ ಸುತ್ತ ಗೆರೆ ಹಾಕ್ಕಳ್ರಿ.

ಆದ್ರೆ ಅಂತಿಮ ಮಾತು ರಾಜ್ಯಪತ್ರದ ಅಧಿಸೂಚನೇದೇ. ಯಾವ ಕಾಲದ್ದು ಹುಡುಕಬೇಕು ಅನ್ನೋದು ಮುಖ್ಯ. ನಮ್ಮಲ್ಲಿ ಹಿರೀಕರು ಮಾತಾಡೋದು 1987ರ ಮಂಡಲ ಪಂಚಾಯ್ತಿ ಲೆಕ್ಕದಾಗೆ. ಅದು ಹೋಗಿ 1993ರ ಕಾಯ್ದೇಲಿ ಗ್ರಾಮ ಪಂಚಾಯ್ತಿ ಬಂತು, ಆಮೇಲೆ 2015ರ ಎಲೆಕ್ಷನ್ ಮುಂಚೆ ಮತ್ತೆ ಪುನರ್ವಿಂಗಡಣೆ ಆಗಿ ಎಷ್ಟೋ ಪಂಚಾಯ್ತಿ ಒಡೆದು ಎರಡಾದ್ವು. ಹಳೇ ಪಿಡಿಒ ಹೇಳೋದು, ಹೊಸ ಪಿಡಿಒ ಹೇಳೋದು, ಊರ ಗೌಡ್ರು ಹೇಳೋದು ಮೂರೂ ಅವರವರ ಕಾಲಕ್ಕೆ ಸರಿ ಇರಬೌದು, ಈಗ ಚಾಲ್ತೀಲಿರೋದು ಕೊನೇ ಅಧಿಸೂಚನೆ. ಗೊಲ್ಲರಹಟ್ಟಿ, ತಾಂಡಾ ಇರೋ ಕಡೆ ಇನ್ನೊಂದು ಎಚ್ಚರ: ಅವನ್ನ ಪ್ರತ್ಯೇಕ ಕಂದಾಯ ಗ್ರಾಮ ಮಾಡೋ ಕೆಲಸ ಈಚೆಗೆ ನಡೆದೈತೆ, ಮೂಲ ಊರಿನ ಒಂದಷ್ಟು ಸರ್ವೆ ನಂಬರ್ ಕಿತ್ತು ಹೊಸ ಊರಿಗೆ ಹಾಕಿರ್ತಾರೆ. ಹಳೇ ನಕ್ಷೆ ಇಟ್ಕಂಡು ವಾದ ಮಾಡೋಕೆ ಹೋಗಿ ಮುಖ ಸಣ್ಣ ಮಾಡ್ಕಂಡು ಬರಬ್ಯಾಡ್ರಿ.

ಕಾಗದ ತೆಗೆಸೋದು

ಬೇಕಾದ್ದು ಇವು: ಎರಡೂ ಊರಿನ ಗ್ರಾಮ ನಕ್ಷೆ, ಎರಡೂ ಊರಿನ ಆಕಾರಬಂದ್ (ಸರ್ವೆ ನಂಬರ್ ಪ್ರಕಾರ ವಿಸ್ತೀರ್ಣದ ಪಟ್ಟಿ), ಗಡೀಲಿರೋ ಸರ್ವೆ ನಂಬರ್‌ಗಳ ಮೂಲ ಟಿಪ್ಪಣಿ (ಸರ್ವೆಯೋರು ಅಳತೆ ಬರ್ದಿಟ್ಟ ಸ್ಕೆಚ್), ಆಮೇಲೆ ಪಂಚಾಯ್ತಿ ರಚನೆಯ ಅಧಿಸೂಚನೆ. ಗ್ರಾಮ ನಕ್ಷೆ ಕಂದಾಯ ಇಲಾಖೆ ಭೂದಾಖಲೆ ವೆಬ್‌ಸೈಟಲ್ಲೇ ಪಿಡಿಎಫ್ ಸಿಗ್ತದೆ. ಟಿಪ್ಪಣಿ, ಆಕಾರಬಂದ್ ತಾಲ್ಲೂಕಾಫೀಸಿನ ಸರ್ವೆ ಶಾಖೇಲಿ, ಎಡಿಎಲ್‌ಆರ್ (ತಾಲ್ಲೂಕಿನ ಭೂದಾಖಲೆ ಸಹಾಯಕ ನಿರ್ದೇಶಕರು) ಕೈಕೆಳಗೆ. ದೃಢೀಕೃತ ನಕಲು ಅಂತಾನೇ ಅರ್ಜಿ ಹಾಕ್ರಿ, ಬರೀ ಜೆರಾಕ್ಸ್ ನಡೆಯಲ್ಲ.

ಅಧಿಸೂಚನೆಗೆ ನಾನು ಮಾಹಿತಿ ಹಕ್ಕಲ್ಲಿ ಹಾಕ್ದೆ. 10 ರೂಪಾಯಿ ಪೋಸ್ಟಲ್ ಆರ್ಡರ್, ಪೇಜಿಗೆ 2 ರೂಪಾಯಿ, 30 ದಿನ ಟೈಮು. ನಮ್ಮ ರಾಜ್ಯದ ನಿಯಮದಾಗೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರ್ದು. ನನ್ನ ಮೊದ್ಲ ಅರ್ಜಿ ತಿರಸ್ಕಾರ ಆಗಿದ್ದೇ ಇದ್ಕೆ, ಊರಿನ ಕಷ್ಟ ಎಲ್ಲ ಎರಡು ಪೇಜ್ ಬರ್ದಿದ್ದೆ, ಬಲ್ಬಿನ ಕತೆ ಸಮೇತ. ಎರಡನೇದ್ರಲ್ಲಿ ಮೂರೇ ಸಾಲು: ಇಂಥ ಗ್ರಾಮ ಪಂಚಾಯ್ತಿಯನ್ನು ಪಂಚಾಯತ್ ಪ್ರದೇಶವೆಂದು ಘೋಷಿಸಿದ ಚಾಲ್ತಿ ಅಧಿಸೂಚನೆ, ಅದರ ಜೊತೆಗಿನ ಗ್ರಾಮಗಳ ಅನುಬಂಧ, ಆಮೇಲೆ ಆಗಿರುವ ತಿದ್ದುಪಡಿ, ಇವುಗಳ ದೃಢೀಕೃತ ಪ್ರತಿ ಕೊಡಿ. "ಈ ರೋಡು ಯಾರದ್ದು ತಿಳಿಸಿ" ಅಂತ ಪ್ರಶ್ನೆ ಕೇಳಬ್ಯಾಡ್ರಿ. ಮಾಹಿತಿ ಹಕ್ಕಲ್ಲಿ ಇರೋ ಕಾಗದ ಕೊಡ್ತಾರೆ, ನಿಮ್ಮ ಪ್ರಶ್ನೆಗೆ ಯೋಚನೆ ಮಾಡಿ ತೀರ್ಪು ಕೊಡಲ್ಲ. ಉತ್ರ ಬರ್ಲಿಲ್ಲ ಅಂದ್ರೆ ಆ ಗಡುವು ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ.

ಹಳೇ ಫೈಲ್ ಹುಡುಕೋರಿಗೆ ಒಂದು ಮಾತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದ್ಕಿಂತ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ವು, ಹೊನ್ನಾಳಿ ಚನ್ನಗಿರಿ ಶಿವಮೊಗ್ಗದಿಂದ ಬಂದ್ವು, ಹರಪನಹಳ್ಳಿ ಬಳ್ಳಾರಿಯಿಂದ ಬಂತು. ಹಂಗಾಗಿ ಜಿಲ್ಲಾ ಮಟ್ಟದ ಹಳೇ ಕಾಗದ "ನಮ್ಮಲ್ಲಿಲ್ಲ" ಅಂತ ದಾವಣಗೇರೀಲಿ ಹೇಳಿದ್ರೆ ಸುಳ್ಳು ಅಂತ ಜಗಳಕ್ಕೆ ನಿಲ್ಲಬ್ಯಾಡ್ರಿ, ದುರ್ಗಕ್ಕೋ ಶಿವಮೊಗ್ಗಕ್ಕೋ ಒಂದು ಅರ್ಜಿ ಹಾಕಿ ನೋಡ್ರಿ.

ನಕ್ಷೆ ಓದೋದು, ಇಲ್ಲಿ ಸಾವಕಾಶ ಕೂರಬೇಕು

ಎರಡು ಊರಿನ ನಕ್ಷೆ ಅಕ್ಕಪಕ್ಕ ಹಾಸ್ರಿ. ನಕ್ಷೆ ಅಂಚಲ್ಲಿ ಸುತ್ತ ಇರೋ ಊರುಗಳ ಹೆಸ್ರು ಬರ್ದಿರ್ತಾರೆ, ಯಾವ ಊರಿನ ಹೆಸ್ರು ಎಲ್ಲಿ ಮುಗ್ದು ಇನ್ನೊಂದು ಎಲ್ಲಿ ಶುರು ಆಗ್ತದೆ ಅಂತ ನೋಡ್ರಿ. ಮೂರು ಊರು ಕೂಡೋ ಮೂಲೆ, ಸರ್ವೆಯೋರು ಟ್ರೈಜಂಕ್ಷನ್ ಅಂತಾರೆ, ಅದು ಮೂರೂ ಊರಿನ ನಕ್ಷೇಲಿ ಬಂದಿರಲೇಬೇಕು. ಅಲ್ಲಿಂದ ಗಡಿ ಗೆರೆ ಮೇಲೆ ಬೆರಳಿಟ್ಟು ಬಳುಕು ಎಣಿಸ್ತಾ ಹೋಗ್ರಿ: ಇಲ್ಲಿ ಎಡಕ್ಕೆ, ಇಲ್ಲಿ ಬಲಕ್ಕೆ, ಇಲ್ಲಿ ಹಳ್ಳ ದಾಟ್ತು. ಇನ್ನೊಂದು ಊರಿನ ನಕ್ಷೇಲಿ ಅದೇ ಬಳುಕು ಅದೇ ಕ್ರಮದಾಗೆ ಬರಬೇಕು. ಹಳೇ ಕಾಲದಂಗೆ ಬಟರ್ ಪೇಪರ್ ಮೇಲೆ ಟ್ರೇಸ್ ಮಾಡಿ ಇನ್ನೊಂದ್ರ ಮೇಲೆ ಇಟ್ರೆ ಕಣ್ಣಿಗೇ ಕಾಣ್ತದೆ.

ನಾನು ಟ್ರೇಸ್ ಮಾಡ್ದೆ. ನಮ್ಮೂರಿನ ಪೂರ್ವದ ಗಡಿ, ಪಕ್ಕದೂರಿನ ಪಶ್ಚಿಮದ ಗಡಿ, ಎರಡೂ ಕೂಡ್ಲೇ ಇಲ್ಲ. ನಡುವೆ ಒಂದು ಕುಡುಗೋಲಿನ ಆಕಾರದ ಸಂದು. ನಕ್ಷೆಯೇ ತಪ್ಪು ಅಂತ ಎರಡು ದಿನ ತಲೆ ಕೆಡಿಸ್ಕಂಡೆ. ಆಮೇಲೆ ನಮ್ಮೂರ ನಕ್ಷೆ ಅಂಚನ್ನ ಸರಿಯಾಗಿ ಓದಿದ್ರೆ ಅಲ್ಲಿ ಸಣ್ಣ ಅಕ್ಷರದಾಗೆ ಪಕ್ಕದೂರಿನ ಹೆಸ್ರೇ ಇಲ್ಲ, ದಿಶಾಂಕ್ ತೋರ್ಸಿದ್ದ ಅದೇ ಮೂರನೇ ಹೆಸ್ರು! ಕೊನೆಗೆ ಗ್ರಾಮ ಆಡಳಿತ ಅಧಿಕಾರಿನ ಕೇಳಿದ್ಕೆ "ಅದು ಬೇಚರಾಕ್ ಊರು ಕಣಣ್ಣ" ಅಂದ್ಬಿಟ್ರು, ಎರಡೇ ಸೆಕೆಂಡಲ್ಲಿ.

ಬೇಚರಾಕ್ ಅಂದ್ರೆ ದೀಪ ಇಲ್ಲದ ಊರು, ದಾಖಲೇಲಿ ಐತೆ, ಜನ ಇಲ್ಲ. ಪ್ಲೇಗೋ ಬರವೋ ಬಂದು ಯಾವಾಗ್ಲೋ ಊರು ಬಿಟ್ಟೋಗಿರ್ತಾರೆ, ಹೊಲಗಳನ್ನ ಸುತ್ತಲ ಊರೋರು ಉಳ್ತಿರ್ತಾರೆ, ಮೂರು ತಲೆಮಾರಾದ್ಮೇಲೆ ಎಲ್ರೂ ಅದನ್ನ ತಮ್ಮೂರೇ ಅಂದ್ಕಂಡಿರ್ತಾರೆ. ಆದ್ರೆ ಅದಕ್ಕೆ ತನ್ನದೇ ನಕ್ಷೆ, ತನ್ನದೇ ಸರ್ವೆ ನಂಬರು, ತನ್ನದೇ ಆಕಾರಬಂದ್ ಐತೆ. ದೀಪ ಇಲ್ಲದ ಊರಲ್ಲಿ ಬೀದಿ ದೀಪಕ್ಕೆ ಅರ್ಜಿ ಹಾಕ್ಕಂಡು ಓಡಾಡ್ತಿದ್ದೋನು ನಾನು. ನಮ್ಮ ಎರಡೂ ಜಿಲ್ಲೇಲಿ ಇಂಥವು ಸಿಗ್ತವೆ, ಹಂಗಾಗಿ ಎರಡೂರ ನಡುವೆ ಲೆಕ್ಕ ಕೂಡ್ಲಿಲ್ಲ ಅಂದ್ರೆ ಮೊದ್ಲು ಹೋಬಳಿಯ ಎಲ್ಲಾ ಗ್ರಾಮಗಳ ಪಟ್ಟಿ ತೆಗೆದು ನಿಮಗೆ ಗೊತ್ತಿಲ್ಲದ ಹೆಸ್ರು ಯಾವ್ದೈತೆ ನೋಡ್ರಿ.

ಆಕಾರಬಂದ್‌ನಲ್ಲಿ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ್ದು ಅಂತ ಬಿಟ್ಟ ನೆಲ) ಎಷ್ಟು ಅಂತ ಇರ್ತದೆ. ನಂಬರ್‌ಗಳು ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ ಸಾಗ್ತವೆ, 46ರ ಮಗ್ಗುಲಲ್ಲಿ 47. ನಲವತ್ತರ ಸಾಲಿನ ನಡುವೆ 112 ಅಂತ ಕಂಡ್ರೆ ಅದು ಆಮೇಲೆ ಗೋಮಾಳದಲ್ಲಿ ಮಂಜೂರಾಗಿ ಹೊಸ ನಂಬರ್ ಬಿದ್ದಿರೋದು ಇರಬೌದು, ಅದ್ರ ಫೈಲ್ ಬೇರೆ ತೆಗೆಸ್ರಿ. ರೋಡು, ಬಂಡಿದಾರಿ, ಹಳ್ಳ ಇವು ಖರಾಬಲ್ಲಿ ಹೋಗಿರ್ತವೆ. ನಮ್ಮ ಆರ್ನೂರು ಅಡಿ ರೋಡು ನಕ್ಷೇಲಿ ಬಂಡಿದಾರಿ ಅಂತ ಚುಕ್ಕಿ ಗೆರೆ, ಅಷ್ಟೇ.

ಈಗ ಒಂದು ಎಚ್ಚರಿಕೆ. ಹಳೇ ಗ್ರಾಮ ನಕ್ಷೆ ಬಹಳಷ್ಟು 1:7920 ಸ್ಕೇಲಿನವು, ಅಂದ್ರೆ ಮೈಲಿಗೆ 8 ಇಂಚು. ಆ ನಕ್ಷೆ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್, 13 ಅಡಿ! ಅದೇ ಗೆರೆ ಇಟ್ಕಂಡು "ಗಡಿ ಚರಂಡಿಯ ಈ ಕಡೆ ಅಂಚಿಗೆ ಬರ್ತದೆ" ಅಂತ ಹೊಡೆದಾಡೋರನ್ನ ನೋಡಿದ್ರೆ ನಗು ಬರ್ತದೆ. ನಕ್ಷೆ ಸುತ್ತಲಿನ ಆಕಾರ ಹೇಳ್ತದೆ, ಅಡಿ ಲೆಕ್ಕ ಬೇಕಂದ್ರೆ ಟಿಪ್ಪಣಿಗೇ ಹೋಗಬೇಕು.

ಟಿಪ್ಪಣಿಯ ಆಣೆ ಲೆಕ್ಕ

ಹಳೇ ಮೈಸೂರು ಸೀಮೆ ಟಿಪ್ಪಣೀಲಿ ಅಳತೆ ಸರಪಳಿ ಮತ್ತು ಆಣೇಲಿ ಇರ್ತದೆ. ಒಂದು ಸರಪಳಿ 33 ಅಡಿ, ಅದ್ರಲ್ಲಿ 16 ಆಣೆ, ಒಂದಾಣೆ ಅಂದ್ರೆ ಎರಡಡಿ ಮೇಲೆ ಮುಕ್ಕಾಲು ಇಂಚು. 33 ಅಡಿಗೆ 33 ಅಡಿ ಆದ್ರೆ ಒಂದು ಗುಂಟೆ, 1089 ಚದರಡಿ, ಇದು ಎಲ್ರಿಗೂ ಗೊತ್ತು. ತಪ್ಪಾಗೋದು ಎಲ್ಲಿ ಅಂದ್ರೆ, ಟಿಪ್ಪಣೀಲಿ 12-8 ಅಂತ ಬರ್ದಿರ್ತದೆ, ಅದು ಹನ್ನೆರಡು ಸರಪಳಿ ಎಂಟಾಣೆ, ಅಂದ್ರೆ ಹನ್ನೆರಡೂವರೆ, 412.5 ಅಡಿ. ಈಗಿನ ಹುಡುಗ್ರು ಅದನ್ನ 12.8 ಅಂತ ಕ್ಯಾಲ್ಕುಲೇಟರಿಗೆ ಹಾಕ್ತಾರೆ, 422.4 ಅಡಿ ಬರ್ತದೆ. ಹತ್ತಡಿ ಹೋಯ್ತು. ನಾನೂ ಹಂಗೇ ಹಾಕಿ ಹತ್ತಡಿ ಆಚೆಗೆ ಕಲ್ಲು ಹುಡುಕ್ತಾ ಮಧ್ಯಾಹ್ನದ ಬಿಸಿಲಲ್ಲಿ ಜಾಲಿ ಮುಳ್ಳಲ್ಲಿ ಅಂಗಿ ಹರ್ಕಂಡಿದೀನಿ.

ಹರಪನಹಳ್ಳಿ, ಕೂಡ್ಲಿಗಿ ಕಡೆ ಗಡಿ ಇದ್ರೆ ಇನ್ನೊಂದು ತಲೆನೋವು. ಆ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೇಲಿತ್ತು, ಅಲ್ಲಿ ಸೆಂಟ್ ಲೆಕ್ಕ, ನಮ್ಮಲ್ಲಿ ಗುಂಟೆ ಲೆಕ್ಕ. 100 ಸೆಂಟು ಒಂದೆಕ್ರೆ, 40 ಗುಂಟೆ ಒಂದೆಕ್ರೆ, ಅಂದ್ರೆ ಗುಂಟೆಗೆ ಎರಡೂವರೆ ಸೆಂಟು. ನಮ್ಮ ಜಗಳೂರು ಮೈಸೂರು ಸಂಸ್ಥಾನದ ಕಟ್ಟಕಡೆ. ಆ ಕಡೆಯೋರು ಒಂದು ಪದ್ಧತೀಲಿ ಗಡಿವರೆಗೆ ಅಳೆದು ನಿಲ್ಲಿಸಿದ್ರು, ಈ ಕಡೆಯೋರು ಇನ್ನೊಂದು ಪದ್ಧತೀಲಿ ಅಳೆದು ನಿಲ್ಲಿಸಿದ್ರು, ಎರಡೂ ಕೂಡೋ ಕಡೆ ಸಂದು ಬಿದ್ರೆ ಆಶ್ಚರ್ಯ ಏನಿಲ್ಲ.

ಕಂಪ್ಯೂಟರ್ ಗೊತ್ತಿರೋರಿಗೆ: ಕ್ಯೂಜಿಐಎಸ್ ಅಂತ ಫ್ರೀ ಸಾಫ್ಟ್‌ವೇರ್ ಐತೆ, ಅದ್ರಲ್ಲಿ ಗ್ರಾಮ ನಕ್ಷೆ ಪಿಡಿಎಫ್‌ನ ಇಮೇಜ್ ಮಾಡಿ ಸ್ಯಾಟಲೈಟ್ ಫೋಟೋ ಮೇಲೆ ಕೂರಿಸಬೌದು. ಕೆರೆ ಏರಿಯ ಎರಡು ತುದಿ, ಹಳೇ ದೇವಸ್ಥಾನ, ಟ್ರೈಜಂಕ್ಷನ್ ಕಲ್ಲು, ಹಿಂಗೆ ಬದಲಾಗದೇ ಇರೋ ಐದಾರು ಜಾಗ ಊರಿನ ನಾಲ್ಕೂ ಮೂಲೆಗೆ ಹರಡಿದಂಗೆ ಗುರುತಿಸ್ಕಳ್ರಿ. ಎಲ್ಲಾ ಒಂದೇ ಮೂಲೇಲಿ ತಗೊಂಡ್ರೆ ಇನ್ನೊಂದು ಮೂಲೆ ನೂರಡಿ ಜಾರಿರ್ತದೆ. ರೋಡ್ ತಿರುವು, ಹಳ್ಳದ ತಿರುವು ತಗೊಳ್ಳಬ್ಯಾಡ್ರಿ, ಅವು ಸರಿದಾಡ್ತವೆ.

ಹೊಲಕ್ಕೆ ಇಳಿಯೋದು

ಕಾಗದ ಓದಿ ಆದ್ಮೇಲೆ ಮಾತ್ರ ಕಲ್ಲು ಹುಡುಕೋಕೆ ಹೋಗ್ರಿ, ಮೊದ್ಲೇ ಹೋದ್ರೆ ಸಿಕ್ಕಿದ ಕಲ್ಲೆಲ್ಲಾ ಗಡಿಕಲ್ಲೇ ಅನ್ನಿಸ್ತದೆ. ಬಾಂದು ಕಲ್ಲು ಎತ್ರಕ್ಕೇನೂ ಇರಲ್ಲ, ಬಹಳಷ್ಟು ಮಣ್ಣಲ್ಲಿ ಹೂತಿರ್ತವೆ, ತಲೆ ಒಂದಿಷ್ಟು ಕಾಣ್ತದೆ. ಕುರಿ ಕಾಯೋರ್ನ ಕೇಳ್ರಿ, ಸರ್ವೆಯೋರಿಗಿಂತ ಚೆನ್ನಾಗಿ ಗೊತ್ತಿರ್ತದೆ. ನನಗೆ ತೋರ್ಸಿದ್ದು ಹಟ್ಟಿಯ ಒಬ್ಬ ಅಜ್ಜ, ಎಂಬತ್ತು ದಾಟೈತೆ. ಕತ್ತಾಳೆ ಮೆಳೆ ಒಳಗೆ ಕೋಲು ತೂರ್ಸಿ ಟಕ್ ಅನ್ನಿಸ್ದ, "ಹಿಡ್ಕಳ್ಳಪ್ಪ, ಇದೇ ಮೂರೂರ ಕಲ್ಲು, ನಮ್ಮಪ್ಪ ಇದ್ರ ಮೇಲೆ ಕೂತು ಬುತ್ತಿ ಉಣ್ತಿದ್ದ" ಅಂದ. ಮೆಳೆ ಸವರಿ ಮಣ್ಣು ಕೆರೆದ್ರೆ ಕಲ್ಲಿನ ನೆತ್ತಿ ಮೇಲೆ ಉಳೀಲಿ ಕೊರೆದ ಕೂಡು ಗುರುತು, ಅದ್ರ ಒಂದು ಗೀಟು ಸವೆದು ಬೆರಳಿಗೆ ಮಾತ್ರ ಸಿಗ್ತಿತ್ತು ಕಣ್ಣಿಗೆ ಕಾಣ್ತಿರ್ಲಿಲ್ಲ. ನೀರು ಚಿಮುಕಿಸಿ ಓರೆ ಬಿಸಿಲಲ್ಲಿ ಫೋಟೋ ತೆಗೆದ್ವಿ, ಆಗ ಮೂಡ್ತು.

ಇಂಥ ಫೋಟೋ ತೆಗೆಯೋವಾಗ ಪಕ್ಕದಲ್ಲಿ ಒಂದು ಸ್ಕೇಲೋ ಪೆನ್ನೋ ಇಡ್ರಿ, ಲೊಕೇಶನ್ ಆನ್ ಇರ್ಲಿ, ನಾಕೂ ದಿಕ್ಕಿಗೆ ಒಂದೊಂದು ಫೋಟೋ ತಗೊಳ್ರಿ. ಕಲ್ಲನ್ನ ಮಾತ್ರ ಅಲ್ಲಾಡಿಸಬ್ಯಾಡ್ರಿ, ನೇರ ಮಾಡೋಕೂ ಹೋಗಬ್ಯಾಡ್ರಿ. ಸರ್ಕಾರ ನೆಟ್ಟ ಗಡಿ ಗುರುತು ಕೀಳೋದು ಸರಿಸೋದು ಕ್ರಿಮಿನಲ್ ಅಪರಾಧ. ಆಮೇಲೆ ಹಳೇ ಕಲ್ಲೆಲ್ಲಾ ಸರ್ವೆ ಕಲ್ಲಲ್ಲ. ನಮ್ಮ ಕಡೆ ಲಿಂಗಮುದ್ರೆ ಕಲ್ಲು ಸಿಗ್ತವೆ, ದೇವಸ್ಥಾನಕ್ಕೋ ಮಠಕ್ಕೋ ಬಿಟ್ಟ ಜಮೀನಿನ ಎಲ್ಲೆ ಅದು, ಇವತ್ತಿನ ಗ್ರಾಮದ ಗಡಿ ಆಗಿರಬೇಕು ಅಂತೇನಿಲ್ಲ. ಹಂಗಂತ ಉಡಾಫೆ ಮಾಡಬ್ಯಾಡ್ರಿ, ಅದ್ರ ಚರಿತ್ರೆನೇ ಬೇರೆ.

ಜನರ ನೆನಪಲ್ಲಿ ನನಗೆ ಬಹಳ ಉಪಯೋಗ ಆಗಿದ್ದು ಚರಗ, ಅಂದ್ರೆ ದೇವ್ರ ಹೆಸ್ರಲ್ಲಿ ಚೆಲ್ಲೋ ಅನ್ನ. ಅಮ್ಮನ ಹಬ್ಬದಾಗೆ ಚರಗ ಚೆಲ್ಲೋರು ಊರ ಎಲ್ಲೆ ಸುತ್ತಿ ಬರ್ತಾರಲ್ಲ, ದಾವಣಗೆರೆ ದುಗ್ಗಮ್ಮನ ಜಾತ್ರೇಲೂ ಐತೆ, ಹಳ್ಳಿಗಳಲ್ಲಿ ಆ ರಾತ್ರಿ ಪಕ್ಕದೂರೋರು ತಮ್ಮ ಗಡೀಲಿ ಕಾವಲು ನಿಲ್ತಾರೆ, ಇವ್ರ ಚರಗ ನಮ್ಮ ನೆಲಕ್ಕೆ ಬೀಳಬಾರ್ದು ಅಂತ. ಅಂದ್ರೆ ಎರಡೂ ಊರೋರು ಒಪ್ಕಂಡಿರೋ ಗೆರೆ ಅದು. "ಚರಗದೋರು ಎಲ್ಲಿಂದ ವಾಪಸ್ ತಿರುಗ್ತಿದ್ರು?" ಅಂತ ಬೇರೆ ಬೇರೆ ನಾಕು ಜನರನ್ನ ಬೇರೆ ಬೇರೆಯಾಗಿ ಕೇಳ್ರಿ, ಒಟ್ಟಿಗೆ ಕೂರಿಸಿ ಕೇಳಿದ್ರೆ ದನಿ ದೊಡ್ಡದಿರೋನು ಹೇಳಿದ್ದೇ ಆಗ್ತದೆ. ನಮ್ಮೂರಲ್ಲಿ ನಾಲ್ಕೂ ಜನ ಹುಣಸೇಮರ ಅಂದ್ರು. ಪಕ್ಕದೂರಲ್ಲಿ ಕೇಳಿದ್ರೆ ಮೋರಿ ಅಂದ್ರು. ನಡುವಿನ ಆರ್ನೂರು ಅಡೀಲಿ ಯಾರೂ ಚೆಲ್ಲಿಲ್ಲ, ಯಾರೂ ಕಾದಿಲ್ಲ. ನಕ್ಷೇಲಿ ಕಂಡ ಸಂದು ಇಲ್ಲೂ ಹಂಗೇ ಇತ್ತು, ಮೈ ಜುಮ್ ಅಂತು ಆವತ್ತು. ಕೋರ್ಟಿಗೆ ಇದು ಸಾಕ್ಷಿ ಆಗಲ್ಲ, ಎಲ್ಲಿ ಅಗೆಯಬೇಕು ಅಂತ ಮಾತ್ರ ಹೇಳ್ತದೆ.

ಸಿಟಿ ಅಂಚಿನೋರಿಗೆ, ಜಿಲ್ಲೆ ಅಂಚಿನೋರಿಗೆ

ದಾವಣಗೆರೆ ಸುತ್ತ ಸೈಟ್ ತಗೊಂಡೋರ್ದು ಬೇರೆ ಪಾಡು. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆ ಆಯ್ತು, ಪಾಲಿಕೆಗೆ ತನ್ನ ಗಡಿ ಐತೆ. ದೂಡಾ, ಅಂದ್ರೆ ನಗರಾಭಿವೃದ್ಧಿ ಪ್ರಾಧಿಕಾರದ್ದು ಅದ್ಕಿಂತ ದೊಡ್ಡ ಯೋಜನಾ ಪ್ರದೇಶ, ಹರಿಹರ ಸೇರಿ. ದೂಡಾ ಅಪ್ರೂವಲ್ ಐತೆ ಅಂದ್ಮಾತ್ರಕ್ಕೆ ಪಾಲಿಕೆ ಲಿಮಿಟ್ ಅಂತಲ್ಲ, ಖಾತೆ ಗ್ರಾಮ ಪಂಚಾಯ್ತೀದೇ ಇರಬೌದು. ನಗರದ ಗಡಿ ಅಧಿಸೂಚನೇಲಿ ಊರಿನ ಹೆಸ್ರಷ್ಟೇ ನೋಡಬ್ಯಾಡ್ರಿ, ಒಂದು ಊರಿನ ಕೆಲವು ಸರ್ವೆ ನಂಬರ್ ಒಳಗೆ, ಉಳಿದವು ಹೊರಗೆ ಇರ್ತವೆ. ಎರಡೂ ಕಡೆಯಿಂದ ತೆರಿಗೆ ಕೇಳಿದ್ರೆ ಅಧಿಸೂಚನೇಲಿ ನಿಮ್ಮ ನಂಬರ್ ಯಾರ ಕಡೆ ಐತೋ ಅಲ್ಲಿ ಕಟ್ಟಿ, ರಸೀದಿ ಜೆರಾಕ್ಸ್ ಜೊತೆ ಇನ್ನೊಬ್ರಿಗೆ ಲಿಖಿತವಾಗಿ ತಿಳಿಸ್ರಿ, ಬಾಯಲ್ಲಿ ಹೇಳಿ ಬರಬ್ಯಾಡ್ರಿ. ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನ್‌ಗಳ ವಿಷಯದಲ್ಲೂ ಇದೇ ದಾರಿ, ಕಂಬ ನಿಂತಿರೋ ಸರ್ವೆ ನಂಬರ್ ಹಿಡೀರಿ.

ಜಿಲ್ಲೆ ಗಡೀಲಿದ್ರೆ ಇನ್ನೂ ಸೂಕ್ಷ್ಮ. ಹರಪನಹಳ್ಳಿ 2018ರಲ್ಲಿ ದಾವಣಗೆರೆಯಿಂದ ಮತ್ತೆ ಬಳ್ಳಾರಿಗೆ ಹೋಯ್ತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರ್ತು, ಅಲ್ಲಿಯೋರಿಗೆ ಸಂವಿಧಾನದ 371ಜೆ ವಿಧಿಯ (ಕಲ್ಯಾಣ ಕರ್ನಾಟಕದೋರಿಗೆ ಇರೋ) ಮೀಸಲಾತಿ. ಅಂದ್ರೆ ಆ ಗೆರೆಯ ಆಚೆ ಮನೆ ಇದ್ದೋನ ಮಗನಿಗೆ ಸಿಗೋದು ಈಚೆ ಮನೆಯೋನ ಮಗನಿಗೆ ಸಿಗಲ್ಲ, ಹಂಗಾಗಿ ಜನ ಸುಮ್ನೆ ಬಿಡಲ್ಲ. ಹರಿಹರ ರಾಣೆಬೆನ್ನೂರು ನಡುವೆ ತುಂಗಭದ್ರೆ, ಆಚೆ ದಡ ಹಾವೇರಿ ಜಿಲ್ಲೆ. ಇಂಥ ಕಡೆ ಒಬ್ಬ ತಹಶೀಲ್ದಾರ್ ಕೈಲಿ ಏನೂ ಆಗಲ್ಲ, ಎರಡೂ ಜಿಲ್ಲೆ ಡಿಸಿಗೆ ಅರ್ಜಿ ಹಾಕಿ ಎರಡೂ ಕಡೆ ಡಿಡಿಎಲ್‌ಆರ್ (ಜಿಲ್ಲೆಯ ಭೂದಾಖಲೆ ಉಪನಿರ್ದೇಶಕರು) ಸೇರಿ ಅಳೀಬೇಕು. ಮೊಳಕಾಲ್ಮೂರಿಂದ ಆಚೆ ರಾಯದುರ್ಗದ ಕಡೆ ಆಂಧ್ರ ಗಡಿ, ಅದು ರಾಜ್ಯಗಳ ಮಟ್ಟದ್ದು, ನಮ್ಮಂಥೋರು ಕಲ್ಲಿನ ಫೋಟೋ ತೆಗೆದು ಕೊಡೋದಷ್ಟೇ.

ಇನ್ನೊಂದು, ಗಡೀಲಿ ಆಕ್ಸಿಡೆಂಟೋ ಕಳ್ಳತನವೋ ಆದ್ರೆ ಗಡಿ ತೀರ್ಮಾನ ಆಗೋವರೆಗೆ ಕಾಯಬೇಕಿಲ್ಲ. ಯಾವ ಸ್ಟೇಷನ್‌ಗೆ ಹೋದ್ರೂ ಝೀರೋ ಎಫ್‌ಐಆರ್ ತಗೋಬೇಕು, 2024ರ ಜುಲೈನಿಂದ ಹೊಸ ಕಾನೂನಲ್ಲೇ ಬರ್ದೈತೆ.

ಅರ್ಜಿ, ಜಂಟಿ ಸರ್ವೆ

ಕಾಗದ, ಫೋಟೋ ಎಲ್ಲ ಸೇರ್ಸಿ ಒಂದು ಫೈಲ್ ಮಾಡ್ರಿ, ಮೇಲೆ ಒಂದೇ ಪುಟದ ಅರ್ಜಿ. ಯಾರನ್ನೂ ಬೈಯಬ್ಯಾಡ್ರಿ ಅದ್ರಲ್ಲಿ. ಜಾಗ ಯಾವ್ದು, ಯಾವ್ಯಾವ ಸರ್ವೆ ನಂಬರ್ ನಡುವೆ, ಯಾವ ದಾಖಲೆ ಏನ್ ಹೇಳ್ತದೆ, ಜಂಟಿ ಸರ್ವೆ ಮಾಡ್ಸಿ ಗಡಿ ಗುರುತಿಸಿ ಕೊಡಿ, ಅಷ್ಟೇ. ಒಂದೇ ತಾಲ್ಲೂಕಾದ್ರೆ ತಹಶೀಲ್ದಾರ್‌ಗೆ ಮತ್ತು ಎಡಿಎಲ್‌ಆರ್‌ಗೆ, ಪ್ರತಿ ತಾಲ್ಲೂಕು ಪಂಚಾಯ್ತಿ ಇಒಗೆ, ಎರಡೂ ಪಿಡಿಒಗೆ. ಎರಡು ತಾಲ್ಲೂಕಾದ್ರೆ ಉಪವಿಭಾಗಾಧಿಕಾರಿ. ಸ್ವೀಕೃತಿ ಸೀಲ್ ಹಾಕಿಸ್ಕಳ್ದೆ ಕಿಟಕಿ ಬಿಟ್ಟು ಬರಬ್ಯಾಡ್ರಿ. ಗ್ರಾಮಸಭೇಲಿ ನಿರ್ಣಯ ಮಾಡ್ಸಿ ಅದ್ರ ನಕಲು ಸೇರಿಸಿದ್ರೆ ಒಬ್ಬನ ತಕರಾರು ಅಂತ ಪಕ್ಕಕ್ಕೆ ಇಡಲ್ಲ.

ಸರ್ವೆ ದಿನ ಎರಡೂ ಪಂಚಾಯ್ತಿಯೋರು, ಅಕ್ಕಪಕ್ಕದ ಹಿಡುವಳಿದಾರರು ಇರಬೇಕು, ಒಬ್ರು ಬರ್ಲಿಲ್ಲ ಅಂದ್ರೂ ಆಮೇಲೆ ಅದೇ ನೆಪ. ನಮ್ಮದು ಎರಡು ಸಲ ಮುಂದಕ್ಕೆ ಹೋಯ್ತು, ಒಂದ್ಸಲ ಮಳೆ, ಒಂದ್ಸಲ ಆ ಕಡೆಯೋರು ಬರ್ಲೇ ಇಲ್ಲ. ಮೂರನೇ ಸಲ ರೋವರ್ (ಸ್ಯಾಟಲೈಟ್ ಸಿಗ್ನಲ್ ಹಿಡ್ದು ಅಳೆಯೋ ಯಂತ್ರ) ತಂದ್ರು, ಅಜ್ಜನ ಕಲ್ಲಿಂದಲೇ ಶುರು ಮಾಡಿದ್ರು. ಅಳತೆ ಮುಗಿದ್ಮೇಲೆ ಮಹಜರು ಬರೀತಾರೆ, ಸಹಿ ಹಾಕೋ ಮುಂಚೆ ಜೋರಾಗಿ ಓದಿಸ್ರಿ, ಸ್ಕೆಚ್ಚಲ್ಲಿ ಕಲ್ಲಿನ ಗುರುತು, ಮರ, ಮೋರಿ ಬಂದೈತಾ ನೋಡ್ರಿ. ಬರ್ದಿಲ್ಲ ಅಂದ್ರೆ ಸೇರ್ಸಿ ಅಂತ ಅಲ್ಲೇ ಕೇಳ್ರಿ.

ಗಡಿ ಸರಿ ಐತೆ ಆದ್ರೆ ನಮಗೆ ಬೇರೆ ಪಂಚಾಯ್ತಿ ಬೇಕು ಅನ್ನೋರಿಗೆ ಸರ್ವೆಯಿಂದ ಪ್ರಯೋಜನ ಇಲ್ಲ. ಅದು ಮತ್ತೆ 4ನೇ ಸೆಕ್ಷನ್ ದಾರಿ, ಡಿಸಿ ಪ್ರಸ್ತಾವ ಪ್ರಕಟಿಸಿ ಹಳ್ಳಿನ ಈ ಪಟ್ಟಿಯಿಂದ ಆ ಪಟ್ಟಿಗೆ ಹಾಕಬೇಕು. ಜನಗಣತಿ ಟೈಮಲ್ಲಿ ಗಡಿಗಳನ್ನ ಫ್ರೀಜ್ ಮಾಡಿರ್ತಾರೆ, ಆಗ ಹೋದ್ರೆ ಕೆಲಸ ಆಗಲ್ಲ.

ನಮ್ಮ ಆರ್ನೂರು ಅಡಿ ಪೂರ್ತಿ ಬೇಚರಾಕ್ ಊರಿನ ಖರಾಬಲ್ಲೇ ಬಂತು. ಅಧಿಸೂಚನೆ ಅನುಬಂಧ ನೋಡಿದ್ರೆ ಆ ಬೇಚರಾಕ್ ಊರು ನಮ್ಮ ಪಂಚಾಯ್ತಿಗೂ ಇಲ್ಲ, ಪಕ್ಕದ ಪಂಚಾಯ್ತಿಗೂ ಇಲ್ಲ, ಆರು ಕಿಲೋಮೀಟರ್ ಆಚೆ ಇರೋ ಮೂರನೇ ಪಂಚಾಯ್ತಿಗೆ ಸೇರೈತೆ. ಫೈಲ್ ತಗೊಂಡು ಅಲ್ಲಿಗೆ ಹೋದೆ. ಪಿಡಿಒ ಪೂರ್ತಿ ಓದಿ, ಸ್ಕೆಚ್ ತಿರುಗಿಸಿ ನೋಡಿ, "ನಮಗೇ ಗೊತ್ತಿರ್ಲಿಲ್ಲವಲ್ರೀ" ಅಂತ ಟೀ ತರ್ಸಿದ್ರು. ಮೂರು ಕಂಬದಾಗೆ ಎರಡಕ್ಕೆ ಬಲ್ಬ್ ಬಂದೈತೆ, ಮೋರಿ ಮುಂದಿನ ವರ್ಷದ ಆ್ಯಕ್ಷನ್ ಪ್ಲಾನಲ್ಲಿ ಹಾಕ್ತೀನಿ ಅಂದಿದಾರೆ. ಕ್ರಷರ್‌ನೋನಿಗೆ ವಿಷ್ಯ ಇನ್ನೂ ಗೊತ್ತಿಲ್ಲ.